ಗ್ರಾಮ: ನೆನಪಿಲ್ಲ

ಹೋದ ವಾರ ಹುಬ್ಬಳ್ಳಿಯ ಸಂತೆಯಲ್ಲಿ ಯಾರೋ ಪುಣ್ಯಾತ್ಮ ದಕ್ಷಿಣದ ಕಡೆಯಿಂದ ಎರಡು ಚೀಲ ಅವರೆಕಾಯಿ ತಂದು ಗುಡ್ಡೆ ಹಾಕಿದ್ದ. ನಮ್ಮ ಕಡೆಯವರಿಗೆ ಅದರ ಹುಚ್ಚಿಲ್ಲ, ನೋಡಿ ಮುಂದೆ ಹೋಗುತ್ತಿದ್ದರು. ನಾನು ನಿಂತೆ. ಮಂಜು ಬಿದ್ದ ಅವರೆಯ ಸಿಪ್ಪೆಗೆ ಎಣ್ಣೆ ಜಿಡ್ಡಿನಂಥ ಒಂದು ವಾಸನೆ ಇರುತ್ತದೆ. ಹಾಸನದವರು ಅದಕ್ಕೆ ಸೊಗಡು ಅನ್ನುತ್ತಾರೆ, ಸೊಗಡಿಲ್ಲದ ಕಾಯಿಯನ್ನು ಅವರು ಮುಟ್ಟುವುದೂ ಇಲ್ಲ. ಒಂದು ಕಾಯಿ ಸುಲಿದು ಬೆರಳು ಮೂಸಿ ನೋಡಿದೆ. "ತಗೊಳ್ಳೋದಿದ್ರ ತಗೋರಿ ಅಕ್ಕಾರ, ಬರೇ ಮೂಸಬ್ಯಾಡ್ರಿ" ಎಂದು ಮಾರುವವನು ಗದರಿದ. ಮುಖ ಉಳಿಸಿಕೊಳ್ಳಲು ಅರ್ಧ ಕೆಜಿ ತಂದೆ. ತಂದವು ಅಡುಗೆಮನೆಯ ಮೂಲೆಯಲ್ಲಿ ಹಾಗೇ ಬಾಡುತ್ತಿವೆ. ಸುಲಿಯಲು ಕೂತರೆ ಹಾಸನದ ಆ ಚಳಿಗಾಲ ಎದುರಿಗೆ ಬಂದು ಕೂರುತ್ತದೆ.

ಅವ್ವ ತೀರಿಕೊಂಡ ನಾಲ್ಕು ತಿಂಗಳಿಗೆ ನನಗೆ ಅಲ್ಲಿಗೆ ವರ್ಗವಾಗಿತ್ತು. ನಾನು ವಿಮೆ ಕಚೇರಿಯಲ್ಲಿ ಗುಮಾಸ್ತೆ. ಮದುವೆ ಮಾಡಿಕೊಂಡವಳಲ್ಲ, ಅವ್ವ ಇರುವ ತನಕ ಅದೊಂದು ಕೊರತೆ ಅನ್ನಿಸಿರಲೂ ಇಲ್ಲ. ಹಾಸನದಲ್ಲಿ ಮಹಡಿಯ ಮೇಲಿನ ಒಂದು ಕೋಣೆ ಹಿಡಿದೆ. ಸೋಮವಾರದಿಂದ ಶನಿವಾರದವರೆಗೆ ಹೇಗೋ ನಡೆಯುತ್ತಿತ್ತು. ಭಾನುವಾರ ಬಂತೆಂದರೆ ಹೆದರಿಕೆಯಾಗುತ್ತಿತ್ತು. ಬೆಳಿಗ್ಗೆ ಹಾಲಿನವನಿಗೆ "ಅರ್ಧ ಲೀಟರ್" ಅಂದರೆ ಆ ದಿನದ ಮಾತು ಮುಗಿಯಿತು. ಒಂದು ಭಾನುವಾರವಂತೂ ಫೋನು ಕೈಗೆತ್ತಿಕೊಂಡು ಅವ್ವನ ನಂಬರು ಒತ್ತಿಬಿಟ್ಟಿದ್ದೆ.

ಆದ್ದರಿಂದ ನಾನು ಸೇವೆ ಮಾಡುವ ದೊಡ್ಡ ಮನಸ್ಸಿನಿಂದ ಹೋದವಳಲ್ಲ, ಭಾನುವಾರ ಕಳೆಯಲು ಹೋದವಳು. ಕಚೇರಿ ಎದುರು ಶಿವಲಿಂಗಣ್ಣ ಎಂಬುವವರ ದಿನಸಿ ಅಂಗಡಿ ಇತ್ತು. ಹಣೆ ತುಂಬ ವಿಭೂತಿ, ಸದಾ ಅವಸರದ ಮನುಷ್ಯ. ಅವರೂ ಅವರ ಸ್ನೇಹಿತರೂ ಸೇರಿ ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ದೊಡ್ಡಾಸ್ಪತ್ರೆಯ ಕಾಂಪೌಂಡಿನ ಹೊರಗೆ ಮಲಗುವವರಿಗೆ ಬಿಸಿ ಉಪ್ಪಿಟ್ಟು, ಟೀ ಕೊಟ್ಟು ಬರುತ್ತಿದ್ದರು. ಚಳಿ ಹೆಚ್ಚಾದಾಗ ಕಂಬಳಿ. "ಮೇಡಂ, ನಿಮ್ಮಕ್ಷರ ಮುತ್ತಿನಂಗಿದೆ. ನಾವು ಬಡಿಸ್ತೀವಿ, ನೀವು ಬರ್ಕೊಳಿ. ಯಾರು, ಯಾವೂರು, ಮನೇಲಿ ಯಾರಿದಾರೆ ಅಂತ ಗೊತ್ತಾದ್ರೆ ಒಂದಿಬ್ಬರನ್ನಾದ್ರೂ ಮನೆ ಸೇರಿಸ್ಬೋದು" ಎಂದರು.

ಫಾರಂ ಅಂದರೆ ನನಗೆ ಹಿಗ್ಗು. ಶನಿವಾರ ಸಂಜೆ ಕೂತು ನಾನೇ ತಯಾರು ಮಾಡಿದೆ: ಹೆಸರು, ವಯಸ್ಸು, ಗ್ರಾಮ, ಜಿಲ್ಲೆ, ಸಂಬಂಧಿಕರು, ಕಾಯಿಲೆ. ಮೊದಲು ತಾಲ್ಲೂಕು ಎಂದು ಒಂದು ಕಾಲಂ ಇತ್ತು. ಹಾಳೆಯ ಅಗಲಕ್ಕೆ ಹೊಂದಲಿಲ್ಲ, ಅಂದ ಕೆಡುತ್ತದೆ ಎಂದು ತೆಗೆದುಬಿಟ್ಟೆ. ಆ ಒಂದು ಕಾಲಂ ಉಳಿಸಿದ್ದರೆ ಈಗ ಬರೆಯಲು ಏನೂ ಇರುತ್ತಿರಲಿಲ್ಲ.

ಮೊದಮೊದಲು ಆ ಕಡೆಯ ಮಾತು ನನ್ನ ಕಿವಿಗೆ ಹತ್ತುತ್ತಿರಲಿಲ್ಲ. ಹೆಂಡತಿಯನ್ನು ಆಸ್ಪತ್ರೆಗೆ ಕರೆತಂದು, ಅವಳು ಹೋದ ಮೇಲೆ ಊರಿಗೆ ಮರಳದೆ ಗೇಟಿನ ಬಳಿಯೇ ಉಳಿದ ಮಲ್ಲಿಪಟ್ಟಣದ ಒಬ್ಬರಿದ್ದರು. ಅವರು "ಎಂಗೆ ಓಗದು ಸಾ" ಎಂದು ಶಿವಲಿಂಗಣ್ಣನಿಗೆ ಹೇಳಿದಾಗ ನಾನು ಬಾಯಿಬಿಟ್ಟು ನಿಂತಿದ್ದೆ. ತಿಂಗಳು ಕಳೆಯುವುದರಲ್ಲಿ ಗುಟ್ಟು ತಿಳಿಯಿತು. ಇವರು ಮೊದಲಿನ ಹಕಾರವನ್ನು ನುಂಗಿಬಿಡುತ್ತಾರೆ, ನಾವು ಮತ್ತೆ ತಂದು ಕೂರಿಸಬೇಕು, ಅಷ್ಟೆ. ಎಂಗೆ ಅಂದರೆ ಹೆಂಗೆ, ಓಗು ಅಂದರೆ ಹೋಗು, ಆಲು ಅಂದರೆ ಹಾಲು, ಅಳ್ಳಿ ಅಂದರೆ ಹಳ್ಳಿ. ಇಷ್ಟು ಕಲಿತದ್ದೇ ಪಾಂಡಿತ್ಯವೆಂದು ಬೀಗತೊಡಗಿದೆ. ಕಚೇರಿಯವರಿಗೂ ಅದನ್ನೇ ಹೇಳಿ ನಗಿಸುತ್ತಿದ್ದೆ.

ಪುಟ್ಟತಾಯಮ್ಮ ಸಿಕ್ಕಿದ್ದು ಅವರೆಕಾಯಿ ಸುಗ್ಗಿ ಶುರುವಾದ ಮೇಲೆ. ಅರವತ್ತು ದಾಟಿದ ಹೆಂಗಸು, ಕಡ್ಡಿಯಂಥ ಮೈ. ಹಗಲು ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ತರಕಾರಿಯವರಿಗೆ ಅವರೆ ಹಿದುಕಿಕೊಡುತ್ತಿದ್ದಳು. ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಬುಟ್ಟಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅವಳು ಕಾಳನ್ನು ನೋಡುತ್ತಲೂ ಇರಲಿಲ್ಲ. ರಾತ್ರಿ ಬಸ್ ಸ್ಟ್ಯಾಂಡಿನ ಕಂಬದ ಬುಡದಲ್ಲಿ ಮಲಗುತ್ತಿದ್ದಳು, ಕೆಮ್ಮುತ್ತಿದ್ದಳು.

"ನಿಮ್ಮ ಹೆಸರೇನ್ರಿ?" ಎಂದು ಮೊದಲ ದಿನ ಕೇಳಿದಾಗ ಅವಳು ಹಿಂದೆ ತಿರುಗಿ ನೋಡಿದಳು.

"ಯಾರ್‍ನವ್ವ ರೀ ರೀ ಅಂತೀಯ? ನಾನೇನ್ ಆಪೀಸರಾ?" ಎಂದು ನಕ್ಕಳು. ಮತ್ತೆ ನನ್ನನ್ನೇ ದಿಟ್ಟಿಸಿ, "ನೀನು ಉಂಡ್ಯಾ?" ಎಂದಳು.

ಉಪ್ಪಿಟ್ಟು ಕೊಡಲು ಬಂದವಳನ್ನು ಉಪ್ಪಿಟ್ಟು ಇಸಿದುಕೊಳ್ಳುವವಳು ಕೇಳಿದ್ದು. ಹಾಸನಕ್ಕೆ ಬಂದ ಮೇಲೆ ಆ ಮಾತನ್ನು ನನ್ನನ್ನು ಕೇಳಿದ ಮೊದಲ ಜೀವ ಅವಳು. ನನ್ನ ಕಣ್ಣು ತುಂಬಿ ಬಂತು, ಫಾರಂ ನೋಡುವವಳ ಹಾಗೆ ತಲೆ ತಗ್ಗಿಸಿದೆ. ಅಂದಿನಿಂದ ನಾನು ಭಾನುವಾರಕ್ಕೆ ಹೆದರುವುದು ಬಿಟ್ಟೆ. ಉಳಿದವರದು ಬೇಗ ಬರೆದು ಮುಗಿಸಿ ಅವಳ ಕಂಬದ ಹತ್ತಿರ ಹೋಗಿ ಕೂರುತ್ತಿದ್ದೆ. ಅವಳು ಒಂದು ತಟ್ಟೆ ಕಾಳು ಮುಂದಿಟ್ಟು "ಇದುಕು" ಅನ್ನುತ್ತಿದ್ದಳು. ನನ್ನ ಬೆರಳಿನಲ್ಲಿ ಬೇಳೆ ಚಿಮ್ಮಿ ರಸ್ತೆಗೆ ಹೋಗುತ್ತಿತ್ತು. "ಆಪೀಸ್ನಲ್ಲಿ ಇಂಗೇ ಕೆಲ್ಸ ಮಾಡೀಯಾ?" ಎಂದು ರೇಗಿಸುತ್ತಿದ್ದಳು.

ಅವಳು ತನ್ನದನ್ನು ಹೇಳಿಕೊಳ್ಳಲು ಮೂರು ಭಾನುವಾರ ಹಿಡಿಯಿತು. ಗಂಡ ಸತ್ತ ಮೇಲೆ ತಂಗಿ ಜಯಮ್ಮನ ಮನೆಯಲ್ಲಿದ್ದಳಂತೆ. ತಂಗಿಗೂ ಗಂಡನಿಲ್ಲ, ಇಬ್ಬರೇ. ಒಂದು ದಿನ ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂಬಲ್ಲಿಂದ ಹತ್ತಿಕೊಂಡ ಜಗಳ ಎಲ್ಲಿಗೋ ಹೋಗಿ, ಜಯಮ್ಮ "ನಿನ್ ದಾರಿ ನೀನ್ ನೋಡ್ಕೋ" ಅಂದಳಂತೆ. ಇವಳು ಉಟ್ಟ ಸೀರೆಯಲ್ಲೇ ಹಾಸನದ ಬಸ್ಸು ಹತ್ತಿದಳು. ಅದಾಗಿ ಮೂರು ವರ್ಷ.

"ಸಿಟ್ಟು ಇಳಿದಿಲ್ಲೇನ್ರಿ ಇನ್ನೂ?"

"ಸಿಟ್ಟು ಯಾವತ್ತೋ ಓಯ್ತು."

"ಮತ್ತ ಹೋಗಬಾರದೇನು?"

ಅವಳು ನನ್ನನ್ನು ಏನೂ ತಿಳಿಯದ ಮಗುವನ್ನು ನೋಡುವಂತೆ ನೋಡಿದಳು. "ಮುನಿಸ್ಕೊಂಡು ಬಂದೋಳು ತಾನಾಗೆ ಓಗಿ ಬಾಗ್ಲಲ್ಲಿ ನಿಂತ್ಕೊಂಡ್ರೆ ಏನ್ ಮರ್ಯಾದೆ ಇದ್ದದು ಕಣವ್ವ? ಅವ್ಳಾದ್ರೂ ಬಂದು ಕರೀಬೇಕು, ಇಲ್ದಿದ್ರೆ ಯಾರಾದ್ರೂ ಕರ್ಕೊಂಡೋಗಿ ಬುಡ್ಬೇಕು. ಮೂರ್ನೇಯೋರು ಒಬ್ರು ಬಾಗ್ಲಲ್ಲಿ ನಿಂತು, ನಿಮ್ಮಕ್ಕ ಬಂದವ್ಳೆ, ಒಳೀಕೆ ಕರ್ಕೋ ಅಂದ್ರೆ ಸಾಕು. ಆಗ ಅವ್ಳಿಗೂ ಸೋಲಲ್ಲ, ನಂಗೂ ಸೋಲಲ್ಲ." ಕಾಳು ಹಿದುಕುತ್ತಲೇ, "ನೀನ್ ಬತ್ತೀಯಾ? ಸಂಕ್ರಾಂತಿ ಅಬ್ಬುಕ್ಕೆ ಮನೇಲಿರ್‍ಬೇಕು ಅಂತ ಆಸೆ" ಎಂದಳು.

ಬರುತ್ತೇನೆ ಎಂದೆ. ನನ್ನನ್ನು ಯಾರೋ ಒಂದು ಕೆಲಸಕ್ಕೆ ಆರಿಸಿಕೊಂಡರು ಎಂಬ ಸಂತೋಷಕ್ಕೆ ನನ್ನ ಮಾತು ತೊದಲಿತು. ಕೂಡಲೇ ಫಾರಂ ತೆಗೆದೆ.

"ನಿಮ್ಮ ತಂಗಿ ಇರೋದು ಯಾವ ಊರು?"

"ಅಳ್ಳಿ ಮೈಸೂರು."

ನನ್ನ ಪಾಂಡಿತ್ಯ ಎದ್ದು ನಿಂತಿತು. ಅಳ್ಳಿ, ಅಂದರೆ ಹಳ್ಳಿ. ಮೈಸೂರು ಕಡೆಯ ಹಳ್ಳಿ. "ಹಳ್ಳಿ ಅನ್ನೋದು ತಿಳೀತು, ಹಳ್ಳಿಯ ಹೆಸರು ಹೇಳ್ರಿ" ಎಂದೆ.

"ಅದೇ ಕಣವ್ವ, ಅಳ್ಳಿ ಮೈಸೂರು. ಬಸ್ ಇಳುದ್ರೆ ಮನೆ ಕಾಣ್ತದೆ."

ಪಾಪ, ವಯಸ್ಸಾಯಿತು, ಹೆಸರು ಮರೆತಿದ್ದಾಳೆ, ಮತ್ತೆ ಮತ್ತೆ ಕೇಳಿ ನೋಯಿಸಬಾರದು ಅಂದುಕೊಂಡೆ. ನನ್ನ ಮುತ್ತಿನ ಅಕ್ಷರದಲ್ಲಿ ಬರೆದೆ. ಗ್ರಾಮ: ನೆನಪಿಲ್ಲ. ಜಿಲ್ಲೆ: ಮೈಸೂರು.

ಶಿವಲಿಂಗಣ್ಣ ಆಗ ಟೀ ಹಂಡೆಯ ಹತ್ತಿರ ಇದ್ದರು. ಅವರು ಓದಿದ್ದು ನಾನು ಬರೆದದ್ದನ್ನು ಮಾತ್ರ. "ಊರಿನ ಹೆಸ್ರೇ ನೆನಪಿಲ್ವಾ, ಛೆ" ಎಂದು ಮರುಗಿ, ಮೈಸೂರಿನಲ್ಲಿ ತಮಗೆ ಗೊತ್ತಿದ್ದ ಒಂದು ಆಶ್ರಯಮನೆಗೆ ಫೋನ್ ಮಾಡಿದರು. ಅಲ್ಲಿಯವರು ಒಳ್ಳೆಯವರು. ಕರೆದುಕೊಂಡು ಬನ್ನಿ, ಕೆಮ್ಮಿಗೆ ಔಷಧಿ ಕೊಡಿಸೋಣ, ತಂಗಿಯನ್ನು ಹುಡುಕಿಸೋಣ ಎಂದರು. ನಾನೂ ಅವರೊಂದಿಗೆ ಮಾತಾಡಿ ಎಲ್ಲ ವಿಚಾರಿಸಿಕೊಂಡೆ. ಪುಟ್ಟತಾಯಮ್ಮನಿಗೆ ಹೇಳಿದ್ದು ಮಾತ್ರ ಒಂದೇ ಮಾತು: "ಬರೋ ಭಾನುವಾರ ಹೊರಡೋಣ್ರಿ, ನಾನೇ ಬಂದು ಬಿಡ್ತೀನಿ."

ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ಆ ಬೆಳಿಗ್ಗೆ ಹಾಸನದಲ್ಲಿ ಎದುರಿನ ಮನುಷ್ಯ ಕಾಣದಷ್ಟು ಮಂಜು. ಅವಳು ಸಾರ್ವಜನಿಕ ನಲ್ಲಿಯಲ್ಲಿ ತಲೆಗೆ ನೀರು ಹಾಕಿಕೊಂಡು, ನಾವು ಕೊಟ್ಟ ಹಸಿರು ಸೀರೆ ಉಟ್ಟು, ಒಂದು ಬಟ್ಟೆ ಚೀಲ ತಬ್ಬಿಕೊಂಡು ನಡುಗುತ್ತಾ ನಿಂತಿದ್ದಳು. ಹೊಳೆನರಸೀಪುರದ ಮೇಲೆ ಮೈಸೂರಿಗೆ ಹೋಗುವ ಬಸ್ಸು ಹತ್ತಿದೆವು. ನನಗೆ ಆಧಾರ್ ತೋರಿಸಿ ಬಿಟ್ಟಿ ಟಿಕೆಟ್, ಅವಳಲ್ಲಿ ಅದಿಲ್ಲವಾದ್ದರಿಂದ ಕೊಳ್ಳಬೇಕಾಯಿತು. "ಎಲ್ಲಿಗೆ?" ಎಂದು ಕಂಡಕ್ಟರ್ ಕೇಳಿದಾಗ ಅವಳು ಬಾಯಿ ತೆರೆದಳು. ನಾನು ಮೊದಲೇ "ಮೈಸೂರು" ಅಂದುಬಿಟ್ಟೆ.

ಹೊಳೆನರಸೀಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಮಂಜು ಹರಿದು ಬಿಸಿಲು ಬಂದಿತ್ತು. ಬರಿಗೈಲಿ ಹೋಗಬಾರದು ಎಂದು ಅವಳು ನನ್ನ ಕೈಲಿ ಒಂದು ಚಿಪ್ಪು ಬಾಳೆಹಣ್ಣು ತರಿಸಿದಳು. ನಾನು ಒಂದನ್ನು ಮುರಿಯಲು ಹೋದರೆ ಕೈಗೆ ಮೆಲ್ಲಗೆ ಹೊಡೆದು, "ಮುಟ್‌ಬ್ಯಾಡ, ಮನೇಗೆ ಅವು" ಎಂದಳು. ಬಸ್ಸು ಹೊರಟು ಹೇಮಾವತಿ ದಾಟಿದ ಮೇಲೆ ಅವಳು ಕಿಟಕಿ ಬಿಟ್ಟು ಈ ಕಡೆ ತಿರುಗಲೇ ಇಲ್ಲ. "ಇನ್ನೇನ್ ಬಂದೇ ಬುಡ್ತು" ಎಂದು ಆಗಾಗ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ನಾನು ಮನಸ್ಸಿನಲ್ಲೇ ನಕ್ಕೆ. ಮೈಸೂರು ಇನ್ನೂ ಎಲ್ಲೋ ಇತ್ತು.

ಅಲ್ಲಿಂದ ಅರ್ಧ ಗಂಟೆಯೂ ಆಗಿರಲಿಲ್ಲ. ಬಸ್ಸು ಒಂದು ಊರಿನಲ್ಲಿ ನಿಂತಿತು. ಇಳಿಯುವವರು ಇಳಿಯುತ್ತಿದ್ದರು. ಪುಟ್ಟತಾಯಮ್ಮ ಥಟ್ಟನೆ ಎದ್ದಳು. ಸೆರಗು ಸರಿಮಾಡಿಕೊಂಡು, ಚೀಲ ಹಿಡಿದು, "ಬಂತು ಕಣವ್ವ, ಇಳಿಯಾನ" ಎಂದಳು.

"ಕೂಡ್ರಿ, ಕೂಡ್ರಿ. ಇನ್ನೂ ಭಾಳ ದೂರ ಐತಿ."

"ಇದೇ ಕಣವ್ವ..."

ಹಿಂದಿನವರು ದಾರಿ ಬಿಡಿ ಎಂದು ಗೊಣಗುತ್ತಿದ್ದರು. ನಾನು ಅವಳ ಕೈ ಹಿಡಿದೆ. "ನಾನು ಎಲ್ಲಾ ಫೋನ್ ಮಾಡಿ ಮಾತಾಡೇನ್ರಿ. ನೀವು ಗಾಬರಿಯಾಗಬ್ಯಾಡ್ರಿ."

ಅವಳು ಹಾಗೇ ನಿಂತು ನನ್ನ ಮುಖ ನೋಡಿದಳು. "ಮಾತಾಡುದ್ಯಾ?"

"ಹೌದ್ರಿ."

"ಏನಂತೆ?"

"ಸೀದಾ ಮೈಸೂರಿಗೇ ಕರ್ಕೊಂಡು ಹೋಗ್ರಿ ಅಂದ್ರು."

ಅವಳು ಕೂತಳು. ನಾನು ಕೂರಿಸಿದೆ ಅನ್ನುವುದು ಸರಿ. ಒಂದು ಗಳಿಗೆ ಕಿಟಕಿಯಾಚೆ ನೋಡಿದವಳು ಮುಖ ಈ ಕಡೆ ತಿರುಗಿಸಿಕೊಂಡಳು. ಬಸ್ಸು ಹೊರಟಿತು. ಆಮೇಲೆ ಅವಳು ಬಾಳೆಹಣ್ಣಿನ ಚಿಪ್ಪನ್ನು ನನ್ನ ತೊಡೆಯ ಮೇಲಿಟ್ಟು "ತಿನ್ನವ್ವ" ಎಂದಳು. ನನಗೆ ಹಸಿವಾಗಿತ್ತು. ಎರಡು ತಿಂದೆ.

ಮೈಸೂರಿನ ಆಶ್ರಯಮನೆ ಚೊಕ್ಕವಾಗಿತ್ತು, ಮಂಚವಿತ್ತು, ಬಿಸಿನೀರಿತ್ತು. ಹೊರಡುವಾಗ ಅವಳ ಕೈ ಹಿಡಿದು "ಬರ್ತೀನ್ರಿ" ಅಂದೆ. "ಊಂ, ಉಂಡ್ಕೊಂಡೋಗು" ಅಂದಳು. ಆ ಸಂಜೆ ನಾನು ಹಾಸನಕ್ಕೆ ಮರಳಿದ್ದು ಒಂದು ಒಳ್ಳೆಯ ಕೆಲಸ ಮಾಡಿ ಮುಗಿಸಿದವಳ ಗತ್ತಿನಲ್ಲಿ. ಮುಂದಿನ ಭಾನುವಾರ ಕಂಬದ ಬುಡ ಖಾಲಿಯಾಗಿತ್ತು. ಒಳ್ಳೆಯದಾಯಿತು ಎಂದು ಎಷ್ಟು ಹೇಳಿಕೊಂಡರೂ ನನಗೆ ಅಳು ಬಂತು, ಅವಳಿಗಾಗಿ ಅಲ್ಲ, ನನಗಾಗಿ.

ಹಬ್ಬ ಕಳೆದು ಹತ್ತು ದಿನಕ್ಕೆ ಕಚೇರಿಗೆ ಒಬ್ಬರು ಪಾಲಿಸಿ ಮಾಡಿಸಲು ಬಂದರು. ಅರ್ಜಿಯಲ್ಲಿ ವಿಳಾಸದ ಜಾಗದಲ್ಲಿ ಬರೆದಿದ್ದರು: ಹಳ್ಳಿ ಮೈಸೂರು.

"ಹಳ್ಳಿ ಹೆಸರು ಬರೀಲಿಲ್ಲಲ್ರಿ" ಎಂದೆ.

ಅವರು ಜೋರಾಗಿ ನಕ್ಕರು. "ಅದೇ ಎಸ್ರು ಮೇಡಂ! ಅಳ್ಳಿ ಮೈಸೂರು. ಒಳೆನರ್‍ಸಿಪುರ ತಾಲ್ಲೂಕು. ಮೈಸೂರಿಗೆ ಓಗೋ ಬಸ್ಸೆಲ್ಲಾ ನಮ್ಮೂರ್ ಮೇಲೇ ಓಗದು. ನೋಡಿಲ್ವಾ ನೀವು?"

ನೋಡಿದ್ದೆ. ಅಲ್ಲಿಯೇ ಅವಳನ್ನು ಕೂರಿಸಿದ್ದೆ. ಅವರ ಅರ್ಜಿಯನ್ನು ಪಕ್ಕದ ಟೇಬಲ್ಲಿಗೆ ದಾಟಿಸಿ, ಫೋನು ಹಿಡಿದು ಹೊರಗೆ ಬಂದೆ.

ಆಶ್ರಯಮನೆಗೆ ಫೋನ್ ಮಾಡಿದರೆ, ಅವಳು ಬಂದ ಒಂಬತ್ತನೇ ದಿನ ಮಾರ್ಕೆಟ್ಟು ನೋಡಿಕೊಂಡು ಬರುತ್ತೇನೆಂದು ಹೋದವಳು ಮರಳಿರಲಿಲ್ಲ. ನನಗೆ ತಿಳಿಸಲು ಎರಡು ಸಲ ಪ್ರಯತ್ನಿಸಿದ್ದರಂತೆ. ಅಲ್ಲಿಯ ಯಾರದೋ ಮೊಬೈಲಿನಿಂದ ಬಂದ ಕರೆ, ಅಪರಿಚಿತ ನಂಬರೆಂದು ನಾನೇ ಎತ್ತಿರಲಿಲ್ಲ. "ತಂಗಿ ಬಗ್ಗೆ ಕೇಳಿದ್ವಿ. ಇದ್ಲು, ಈಗಿಲ್ಲ, ನಂಗೆ ಯಾರೂ ಇಲ್ಲ ಅಂತ ಬಂದ ದಿನವೇ ಹೇಳಿಬಿಟ್ರು" ಎಂದರು ಅಲ್ಲಿನ ಹೆಂಗಸು. ಆಗ ನನಗೆ ಪೂರ್ತಿ ಅರ್ಥವಾಯಿತು. ಬಸ್ಸಿನಲ್ಲಿ ಅವಳು "ಏನಂತೆ" ಎಂದು ಕೇಳಿದ್ದು ಜಯಮ್ಮನನ್ನು ಕುರಿತು. ನಾನು ಹೇಳಿದ ಉತ್ತರವನ್ನು ಅವಳು ಜಯಮ್ಮನ ಉತ್ತರ ಅಂದುಕೊಂಡಳು. ಮನೆಯ ಮುಂದೆಯೇ ಬಸ್ಸು ನಿಂತಿರುವಾಗ, ಇಲ್ಲಿಗೆ ಬೇಡ, ಮುಂದಕ್ಕೆ ಕರೆದುಕೊಂಡು ಹೋಗಿ ಅಂದಳು ಎಂದು.

ಶಿವಲಿಂಗಣ್ಣ ತಲೆಯ ಮೇಲೆ ಕೈ ಹೊತ್ತು ಕೂತರು. "ಒಂದ್ಸಲ ನನ್ನ ಕಿವಿಗೆ ಬಿದ್ದಿದ್ರೆ..." ಎಂದರು. ಪುಟ್ಟತಾಯಮ್ಮ ಜೊತೆಗಿಲ್ಲದೆ ಜಯಮ್ಮನ ಮುಂದೆ ನಿಲ್ಲಲು ನನಗೆ ಧೈರ್ಯ ಬರಲಿಲ್ಲ, ನಾಲ್ಕು ಭಾನುವಾರ ಮೈಸೂರಿಗೇ ಹೋದೆ. ಮಾರ್ಕೆಟ್ಟಿನಲ್ಲಿ ಅವರೆ ಹಿದುಕುವ ಹೆಂಗಸರ ಸಾಲಿನಲ್ಲಿ ಒಬ್ಬೊಬ್ಬರ ಮುಖ ನೋಡುತ್ತಾ ನಡೆದೆ. ಬಸ್ ಸ್ಟ್ಯಾಂಡು, ಸ್ಟೇಷನ್ನು, ದೇವಸ್ಥಾನದ ಮೆಟ್ಟಿಲು, ಆಸ್ಪತ್ರೆಗಳ ಹೊರಗೆ, ಆಶ್ರಯಮನೆಯಲ್ಲಿ ತೆಗೆದಿದ್ದ ಅವಳ ಫೋಟೋ ತೋರಿಸುತ್ತಾ ತಿರುಗಿದೆ. ಪೊಲೀಸರಿಗೂ ಕೊಟ್ಟೆವು. ಅವರೆಯ ಕಾಲ ಮುಗಿಯಿತು. ಇವತ್ತಿಗೂ ಅವಳು ಸಿಕ್ಕಿಲ್ಲ.

ಐದನೆಯ ಭಾನುವಾರ ನಾನು ಮೈಸೂರಿನ ಬಸ್ಸು ಹತ್ತಿ, ಕಂಡಕ್ಟರಿಗೆ "ಹಳ್ಳಿ ಮೈಸೂರು" ಎಂದೆ. ಶಿವಲಿಂಗಣ್ಣ ಜೊತೆಗೆ ಬರುತ್ತೇನೆಂದರು, ನಾನೇ ಬೇಡವೆಂದೆ. ಬಸ್ಸು ಇಳಿದರೆ ನಿಜವಾಗಿಯೂ ಮನೆ ಕಾಣುತ್ತಿತ್ತು. ರಸ್ತೆಯಾಚೆ ಹೆಂಚಿನ ಮನೆ, ಅದರ ಮುಂದೆ ಒಂದು ಪೆಟ್ಟಿಗೆ ಅಂಗಡಿ. ಅಂಗಡಿಯಲ್ಲಿ ಕೂತಿದ್ದವಳಿಗೆ ಅಕ್ಕನದೇ ಮೂಗು, ಅಕ್ಕನದೇ ಹಣೆ.

"ಜಯಮ್ಮ ಅಂದ್ರ ನೀವೇ ಏನ್ರಿ? ನಾನು ಪುಟ್ಟತಾಯಮ್ಮನ..."

"ಆ ಎಸ್ರು ಎತ್‌ಬ್ಯಾಡ." ಅವಳ ದನಿ ಗಟ್ಟಿಯಾಗಿತ್ತು. "ನೀನು ಯಾರಾದ್ರೂ ಆಗಿರವ್ವ. ಅವ್ಳ ಮಾತು ಮಾತ್ರ ನನ್ ತಾವ ಆಡ್‌ಬ್ಯಾಡ."

ನಾನು ಹೋಗಲಿಲ್ಲ. ಅವಳಿಗೂ ಸುಮ್ಮನಿರಲು ಆಗಲಿಲ್ಲ.

"ಸಂಕ್ರಾಂತಿಗೆ ಇನ್ನೂ ಒಂದ್ವಾರ ಇತ್ತು. ಇಲ್ಲೇ ಬಸ್ ನಿಂತಿತ್ತು. ಕಿಟಕೀಲಿ ಅವ್ಳ್ ಮಖ ಕಾಣುಸ್ತು. ನನ್ ಎದೆ ಒಡ್ದೋಯ್ತು ಕಣವ್ವ, ಮೂರ್ ವರ್ಸ ಆದ್ಮೇಲೆ ಬಂದ್ಲಲ್ಲ ಅಂತ. ತಕ್ಕಡಿ ಅಲ್ಲೇ ಬುಟ್ಟು ರೋಡಿಗೆ ಇಳುದೆ. ಅವ್ಳು ನನ್ನ ನೋಡುದ್ಲು. ನೋಡ್ಬುಟ್ಟು ಮಖ ತಿರುಗುಸ್ಕೊಂಡ್ಲು. ಬಸ್ ಓಯ್ತು." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮನೆ ಮುಂದುಕ್ಕೇ ಬಂದು ಇಳೀನಿಲ್ಲ. ನನ್ ಪಾಲಿಗೆ ಸತ್ಲು ಅಂತ ಅವತ್ತೇ ತಲೆ ಮ್ಯಾಲೆ ನೀರ್ ಉಯ್ಕೊಂಡೆ."

ನಾನು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕಂಬದ ಬುಡ, ಮೂರನೆಯವರು ಬಾಗಿಲಲ್ಲಿ ನಿಂತು ಹೇಳಬೇಕಾದ ಮಾತು, ನಾನು ಹಳ್ಳಿಯನ್ನೂ ಮೈಸೂರನ್ನೂ ಬೇರೆ ಮಾಡಿ ಬರೆದದ್ದು, ಮನೆಗೆಂದು ತಂದ ಹಣ್ಣು, ಫೋನಿನ ವಿಷಯದಲ್ಲಿ ಅವಳು ತಪ್ಪು ತಿಳಿದದ್ದು, ನಾನು ಕೈ ಹಿಡಿದು ಕೂರಿಸಿದ್ದು, ಈಗ ಅವಳು ಎಲ್ಲಿದ್ದಾಳೋ ಗೊತ್ತಿಲ್ಲದ್ದು. ಹೇಳಿ ಮುಗಿಸಿ, ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿದೆ. ಹೊಡೆದರೂ ಹೊಡೆಯಲಿ ಎಂದಿತ್ತು ಮನಸ್ಸು. ಬೀಡಿ ಕೇಳಲು ಬಂದ ಒಬ್ಬ ಎರಡು ಸಲ ಕೂಗಿ, ಉತ್ತರ ಬಾರದೆ ಹೊರಟುಹೋದ.

"ಅಂಗಾರೆ," ಎಂದಳು ಜಯಮ್ಮ, "ಅವ್ಳು ಎದ್ದಿದ್ಲಾ?"

"ಎದ್ದಿದ್ರು."

"ಚೀಲ ಇಡ್ಕೊಂಡು?"

"ಚೀಲ ಹಿಡಕೊಂಡು, ಸೆರಗು ಸರಿಮಾಡ್ಕೊಂಡು. ‘ಬಂತು ಕಣವ್ವ, ಇಳಿಯಾನ’ ಅಂದ್ರು."

ಅವಳು ಅಂಗಡಿಯಿಂದ ಇಳಿದು ಬಂದು ನನ್ನ ಪಕ್ಕದಲ್ಲಿ, ಅದೇ ಕಲ್ಲಿನ ಮೇಲೆ ಕೂತಳು.

"ಇನ್ನೊಂದ್ ಸಲ ಯೋಳು," ಎಂದಳು. "ಎದ್ದು ಏನಂದ್ಲು?"